ಕೋವಿಯ ನಳಿಗೆಯ ಸಂರಕ್ಷಣೆ: ಕೊಡಗಿನ ಒಂದು ಆಚಾರದ ವಿಚಾರ

ನಮ್ಮ ನುಡಿಯಲ್ಲಿ ಬೆಂಕಿಯಾಯುಧಗಳಿಗೆ ಸಂಬಂಧಿಸಿದ ಶಬ್ದಗಳು ಬೇರೆಬೇರೆ ದಿಕ್ಕುಗಳಿಂದ ಬಂದು ಸೇರಿವೆ. 'ತುಪಾಕಿ'ಯು ತುರುಕಿಯ ಭಾಷೆಯಿಂದಲೂ 'ಬಂದೂಕು' ಅರಬ್ಬಿಯಿಂದಲೂ ಬಂದವು. 'ಕೋವಿ'ಯಾದರೋ ಅಚ್ಚಗನ್ನಡದ ಮಾತು; ಅದಕ್ಕೆ ಕೊಳವೆಯೆಂಬ ಅರ್ಥವೂ ಉಂಟು. ಆಯುಧದ ಜೀವವು ಅದರ ಕೊಳವೆಯಲ್ಲಿದೆಯೆಂಬುದನ್ನು ಈ ಹೆಸರೇ ಹೇಳುತ್ತದೆ. ಆ ಕೊಳವೆಯನ್ನು ನಮ್ಮ ನಾಡಿನವರು ಹೇಗೆ ಕಾಪಾಡಿಕೊಂಡು ಬಂದರು, ಅದರಲ್ಲಿ ಆಚಾರವೆಷ್ಟು, ವಿವೇಕವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಕೊಡಗಿಗಿಂತ ಉತ್ತಮವಾದ ಕ್ಷೇತ್ರವಿಲ್ಲ. ಅಲ್ಲಿ ಕೋವಿಯು ಮನೆಯ ಆಸ್ತಿ ಮಾತ್ರವಲ್ಲ, ಸಂಸ್ಕಾರಗಳ ಅಂಗವೂ ಹೌದು. ಗಂಡುಮಗು ಹುಟ್ಟಿದರೆ ಒಂದು ಈಡು, ಮರಣವಾದರೆ ಎರಡು ಈಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡಿನ ಸದ್ದು ಕೇಳಬೇಕು. ಆಯುಧಗಳಿಗೇ ಮೀಸಲಾದ ಹಬ್ಬ 'ಕೈಲ್ ಪೊಳ್ದ್'. ನಾಟಿಯ ಕೆಲಸ ಮುಗಿದು ಮಳೆಯ ಬಿರುಸು ತಗ್ಗಿದ ಕಾಲದಲ್ಲಿ ಬರುವ ಈ ಹಬ್ಬವನ್ನು ಈಗ ಬಹುಮಟ್ಟಿಗೆ ಸೆಪ್ಟೆಂಬರ್ ೩ರಂದು ಆಚರಿಸುವರು. ಬೇಸಾಯದ ದಿನಗಳಲ್ಲಿ ಮುಟ್ಟದೆ ಇರಿಸಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೆಗೆದು ಶುಚಿಮಾಡಿ, 'ತೋಕ್‌ಪೂ' ಎಂದು ಕರೆಯುವ ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸುವರು. 'ತೋಕ್' ಎಂದರೆ ಕೊಡವ ನುಡಿಯಲ್ಲಿ ಕೋವಿ. ಹೂವಿಗೇ ಕೋವಿಯ ಹೆಸರು ಬಂದಿರುವುದು ಗಮನಾರ್ಹ. ಪೂಜೆಯ ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಗಳು ನಡೆಯುತ್ತವೆ.

ಕೊಡಗು ೧೮೩೪ರಲ್ಲಿ ಇಂಗ್ಲಿಷರ ವಶವಾಯಿತು. ೧೮೫೭ರ ದಂಗೆಯ ತರುವಾಯ ದೇಶದ ಪ್ರಜೆಗಳನ್ನು ನಿರಾಯುಧರನ್ನಾಗಿಸುವ ಕಾಯಿದೆಗಳು ಬಂದಾಗಲೂ, ೧೮೬೧ರಲ್ಲಿ ಕೊಡವರಿಗೆ ಅವುಗಳಿಂದ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದ ಸರ್ಕಾರವು ೧೯೬೩ರಲ್ಲಿ ಅದನ್ನು ಮುಂದುವರಿಸಿತು. ೨೦೧೯ರ ಆಜ್ಞೆಯಿಂದ ಅದು ೨೦೨೯ರವರೆಗೆ ವಿಸ್ತರಿಸಲ್ಪಟ್ಟಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹೀಗಾಗಿ ಬೇರೆಡೆಗಳಲ್ಲಿ ಅಳಿದುಹೋದ ಮನೆಕೋವಿಯ ಆರೈಕೆಯು ಕೊಡಗಿನಲ್ಲಿ ಅವಿಚ್ಛಿನ್ನವಾಗಿ ಉಳಿದು ಬಂದಿದೆ.

ಇನ್ನು ಆರೈಕೆಯ ಅಗತ್ಯವನ್ನು ನೋಡೋಣ. ಹಳೆಯ ಕರಿಮದ್ದಿನಲ್ಲಿ ನೂರಕ್ಕೆ ಸುಮಾರು ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಲು, ೧೦ ಪಾಲು ಗಂಧಕ. ಇದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಭಾಗವು ಹೊಗೆಯೊಡನೆ ಹೊರಟು ನಳಿಗೆಯಲ್ಲಿಯೂ ಅಂಟುವ ಘನವಸ್ತುವಾಗುತ್ತದೆ. ಈ ಕಿಟ್ಟದಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತವೆ. ಕೇಪಿನ ಕೋವಿಗಳು ಬಂದ ಮೇಲೆ ಮತ್ತೊಂದು ಶತ್ರು ಹುಟ್ಟಿತು: ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇದ್ದರೆ ಅದು ಉರಿದು ಅಡಿಗೆಯ ಉಪ್ಪಿನ ಬಂಧುವಾದ ಲವಣವನ್ನು ಉಳಿಸುತ್ತದೆ. ಇಂಥ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ. ನೀರಿನಲ್ಲಿ ಮಾತ್ರ ಕರಗುತ್ತವೆ. ತೊಳೆಯದೆ ಎಣ್ಣೆ ಸವರಿದವನು ತುಕ್ಕಿನ ಬೀಜಕ್ಕೆ ಹೊದಿಕೆ ಹೊದಿಸಿದಂತೆಯೇ ಸರಿ. ಆದಕಾರಣ ಬಲ್ಲವರ ಕ್ರಮವು ಹೀಗಿದೆ: ಮೊದಲು ಕೋವಿಯಲ್ಲಿ ಮದ್ದುಗುಂಡು ಇಲ್ಲವೆಂದು ನಿಶ್ಚಯಿಸಿಕೊಳ್ಳುವುದು, ಬಳಿಕ ಕುದಿನೀರಿನಿಂದ ತೊಳೆಯುವುದು, ಕಾದ ಲೋಹವು ತಾನೇ ಆರಲು ಬಿಟ್ಟು, ಒಣಬಟ್ಟೆಯಿಂದ ಒರೆಸಿ, ಕೊನೆಗೆ ತೆಳುವಾಗಿ ಎಣ್ಣೆ ಸವರುವುದು. ಇಂಗ್ಲಿಷರ ಸೈನ್ಯದಲ್ಲಿಯೂ ರೈಫಲ್ಲಿನ ನಳಿಗೆಗೆ ಕುದಿನೀರು ಹೊಯ್ಯುವ ಪದ್ಧತಿಯಿತ್ತು.

ರೈಫಲ್ಲಿನಲ್ಲಿ ಈ ಎಚ್ಚರವು ಇಮ್ಮಡಿಯಾಗಬೇಕು. ಅದರ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳಿದ್ದು, ಅವು ಗುಂಡನ್ನು ತಿರುಗಿಸಿ ನೇರಕ್ಕೆ ಕಳುಹಿಸುತ್ತವೆ. ಕಿಟ್ಟವು ತೋಡುಗಳಲ್ಲಿ ಅಡಗಿ ನಿಲ್ಲುತ್ತದೆ. ೧೮೫೩ರ ಎನ್‌ಫೀಲ್ಡ್ ರೈಫಲ್ಲಿನ ತೋಟೆಗಳಿಗೆ ಜಿಡ್ಡು ಸವರಿದ್ದು ಗುಂಡು ಸಲೀಸಾಗಿ ಇಳಿಯಲೆಂದೇ. ಆ ಜಿಡ್ಡಿನ ವದಂತಿಯು ೧೮೫೭ರಲ್ಲಿ ಏನು ಮಾಡಿತೆಂಬುದು ಚರಿತ್ರೆಯ ಓದುಗರಿಗೆ ತಿಳಿದದ್ದೇ. ಇನ್ನೊಂದು ಸೂಕ್ಷ್ಮವುಂಟು. ನಳಿಗೆಯ ಬಾಯಂಚು ಸವೆದರೆ ಗುರಿ ಕೆಡುತ್ತದೆ. ಆದುದರಿಂದ, ಸಾಧ್ಯವಿರುವ ಕೋವಿಗಳಲ್ಲಿ ಸಲಾಕೆಯನ್ನು ಬುಡದ ಕಡೆಯಿಂದಲೇ ತೂರಿಸಬೇಕು. ಬಾಯಿಯಿಂದ ತುಂಬುವ ಕೋವಿಗಳಲ್ಲಿ ಅದು ಸಾಧ್ಯವಿಲ್ಲದ್ದರಿಂದ ಗಜವು ಅಂಚಿಗೆ ಉಜ್ಜದಂತೆ ಕೈಹಿಡಿತವಿರಬೇಕು.

ಹಾಗಾದರೆ ಕೈಲ್ ಪೊಳ್ದ್ ತುಕ್ಕಿನ ನಿವಾರಣೆಗಾಗಿಯೇ ಹುಟ್ಟಿದ ಹಬ್ಬವೆನ್ನಬಹುದೆ? ಹಾಗೆನ್ನುವುದು ಆತುರದ ಮಾತಾದೀತು. ಹಬ್ಬದಲ್ಲಿ ಕತ್ತಿಗೂ ಪೂಜೆಯುಂಟು. ಬೇಸಾಯದಲ್ಲಿ ದುಡಿದ ಎತ್ತುಗಳಿಗೂ ಗೌರವವುಂಟು. ಮೇಲಾಗಿ ಹಾರಿಸಿದ ಕೋವಿಯನ್ನು ಅಂದೇ ತೊಳೆಯಬೇಕಲ್ಲದೆ ಹಬ್ಬಕ್ಕಾಗಿ ಕಾಯುವಂತಿಲ್ಲ. ಪುತ್ತರಿಯ ಈಡಿನ ಕಿಟ್ಟವನ್ನು ಕೈಲ್ ಪೊಳ್ದಿನವರೆಗೆ ಬಿಟ್ಟರೆ ನಳಿಗೆ ಉಳಿಯದು. ಆದರೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು: ಕೊಡಗಿನ ಮುಂಗಾರಿನ ತಿಂಗಳುಗಳಲ್ಲಿ ಮುಟ್ಟದೆ ಇದ್ದ ಉಕ್ಕಿಗೆ, ಮಳೆ ತಗ್ಗಿದೊಡನೆ ತಪ್ಪದೆ ಒಂದು ಪರೀಕ್ಷೆಯನ್ನು ಈ ಹಬ್ಬವು ವಿಧಿಸಿತು. ಮರೆವಿಗೆ ಎಡೆಯಿಲ್ಲದಂತೆ ವಿವೇಕವನ್ನು ಪಂಚಾಂಗಕ್ಕೆ ಕಟ್ಟಿದ್ದೇ ಈ ಆಚಾರದ ಹಿರಿಮೆ.

ಆದರೆ ಶುಚಿಯೇ ನಾಶಕ್ಕೆ ಕಾರಣವಾಗುವುದೂ ಉಂಟು. ಟಿಪ್ಪುಸುಲ್ತಾನನ ಕಾರ್ಖಾನೆಗಳ ಕೋವಿಗಳ ಮೇಲೆ ಅವನು ನಡಸಿದ ಮೌಲೂದಿ ಶಕದ ವರ್ಷವನ್ನೂ, ತಯಾರಾದ ಊರನ್ನೂ ಕೆತ್ತಿರುವುದುಂಟು. ಆ ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇಂಥ ನಳಿಗೆಯೊಂದು ಶಾಸನಕ್ಕೆ ಸಮಾನ. ಇಟ್ಟಿಗೆಪುಡಿ, ಮರಳುಕಾಗದಗಳಿಂದ ಅದನ್ನು ಥಳಥಳಿಸುವಂತೆ ಉಜ್ಜಿದರೆ ಅಕ್ಷರವು ಮಾಯವಾಗುತ್ತದೆ. ಕಬ್ಬಿಣ ಉಕ್ಕುಗಳನ್ನು ಹೆಣೆದು ಬಡಿದ ನಳಿಗೆಯ ಅಲೆಗೆರೆಗಳೂ ಅಳಿಯುತ್ತವೆ. ಒಮ್ಮೆ ಅಳಿದ ಸಾಕ್ಷ್ಯವನ್ನು ಯಾವ ಪಂಡಿತನೂ ಮರಳಿ ತರಲಾರನು.

ಇಂದು ಅನೇಕ ಕೊಡವ ಕುಟುಂಬಗಳು ಬೆಂಗಳೂರಿನಲ್ಲಿ ನೆಲಸಿವೆ. ಜಯನಗರ, ಬನಶಂಕರಿಗಳ ಮನೆಯಲ್ಲಿ ಬೆಳೆದ ಮಗುವಿಗೆ ಐನ್‌ಮನೆಯ ಕೋವಿಯು ವರ್ಷಕ್ಕೊಮ್ಮೆ ಕಾಣುವ ವಸ್ತು. ಆ ದಿನ ಹಿರಿಯರು ಹೂವನ್ನು ಮುಡಿಸುವುದರೊಡನೆ, ಯಾವುದನ್ನು ತೊಳೆಯಬೇಕು, ಯಾವುದನ್ನು ಉಜ್ಜಬಾರದು ಎಂಬುದನ್ನೂ ಹೇಳಿಕೊಡಲಿ. ಅಧ್ಯಾಪಕರು ತಮ್ಮ ಶಿಷ್ಯರಿಂದ ಇಂಥ ಕೋವಿಗಳ ಬರಹಗಳನ್ನೂ, ಅವುಗಳ ಆರೈಕೆಯ ಮಾತುಗಳನ್ನೂ ಬರೆಯಿಸಿ ಸಂಗ್ರಹಿಸಲಿ. ಎಣ್ಣೆಯು ನಳಿಗೆಯನ್ನು ಕಾಯುತ್ತದೆ. ಅದರ ಚರಿತ್ರೆಯನ್ನು ಕಾಯಬೇಕಾದುದು ಬರಹವೇ.