ಗಾಜಿನ ಮೇಲೆ ಸ್ವಾಮಿ, ಬಾಯಲ್ಲಿ ಅಜ್ಜ

ಕೊಟ್ಟಾರ ಚೌಕಿಯ ರಿಕ್ಷಾ ಪಾರ್ಕಿನಲ್ಲಿ ನಿಂತು ಸಾಲು ರಿಕ್ಷಾಗಳ ಎದುರು ಗಾಜು ನೋಡಿದರೆ ‘ಸ್ವಾಮಿ ಕೊರಗಜ್ಜ’ ಎಂಬ ದಪ್ಪ ಅಕ್ಷರ ಎದ್ದು ಕಾಣುತ್ತದೆ. ಕಳೆದ ಮಳೆಗಾಲದಲ್ಲಿ ನಾನು ಹತ್ತಿದ ರಿಕ್ಷಾದವರು ಲೈಸನ್ಸ್ ಸಮೇತ ಪರ್ಸ್ ಕಳೆದುಕೊಂಡು ಎರಡು ದಿನವಾಗಿತ್ತು. “ಅಜ್ಜನಿಗೆ ಚಕ್ಕುಲಿ ಹರಕೆ ಹೇಳಿಕೊಂಡಿದ್ದೇನೆ ಮಾಷ್ಟ್ರೇ, ಸಿಗ್ತದೆ” ಎಂದರು. ಗಾಜಿನ ಮೇಲಿದ್ದ ‘ಸ್ವಾಮಿ’ ಅವರ ಬಾಯಿಗೆ ಬರಲೇ ಇಲ್ಲ.

ಕೊರಗಜ್ಜನಂಥ ತುಳುನಾಡಿನ ದೈವಗಳ ಬಿರುದು ಕುರಿತು ಈಗ ಬರುತ್ತಿರುವ ಬರಹಗಳು ಈ ವ್ಯತ್ಯಾಸವನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. 2022ರಲ್ಲಿ ‘ಕಾಂತಾರ’ ಬಂದ ಮೇಲಂತೂ ಪಂಜುರ್ಲಿಯೆಂದರೆ ವರಾಹ, ಜುಮಾದಿಯೆಂದರೆ ದಶಮಹಾವಿದ್ಯೆಯ ಧೂಮಾವತಿ, ಉಳಿದವರೆಲ್ಲ ಶಿವಗಣ ಎಂದು ಒಂದೇ ಉಸಿರಿಗೆ ಮುಗಿಸುವ ಚಾಳಿ ಬೆಳೆದಿದೆ. ಅದಕ್ಕಾಗಿಯೇ ದೈವಗಳ ಅಧ್ಯಯನ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡುತ್ತಿದ್ದೇನೆ.

ಆರಂಭ ಮಿಷನರಿಗಳದ್ದು, ಅಧಿಕಾರಿಗಳದ್ದು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಮ್ಯಾನರ್ ಅವರ ತುಳು ನಿಘಂಟು, ದೈವಗಳ ಕಥೆ ಹಾಡುವ ಪಾಡ್ದನಗಳ ಸಂಗ್ರಹ ಎರಡೂ 1886ರಲ್ಲಿ ಹೊರಬಂದವು. ಅಧಿಕಾರಿ ಬರ್ನೆಲ್ ಕೂಡಿಸಿಟ್ಟ ಸಾಮಗ್ರಿ ಅವರು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ತಲೆಬರಹದಲ್ಲೇ ತುಳುವರದು ‘ಪಿಶಾಚಿ ಪೂಜೆ’ ಎಂಬ ತೀರ್ಪಿತ್ತು. ಆದರೂ ಪಾಡ್ದನಗಳನ್ನು ಕಾಗದಕ್ಕಿಳಿಸಿದ ಋಣ ನಮ್ಮ ಮೇಲಿದೆ. ಅನಂತರದ ಹಲವು ದಶಕಗಳಲ್ಲಿ ಬಂದದ್ದು ಬಹುಪಾಲು ಹೆಸರುಪಟ್ಟಿ.

ನಿಜವಾದ ತಿರುವು ಬಂದದ್ದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ. ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ನೇಮದ ಕಳದಲ್ಲಿ ರಾತ್ರಿ ಕಳೆದ ತಲೆಮಾರು ನಮ್ಮದು. ಬಿ.ಎ. ವಿವೇಕ ರೈಯವರ ‘ತುಳು ಜನಪದ ಸಾಹಿತ್ಯ’ ಪಾಡ್ದನವನ್ನು ಸಾಹಿತ್ಯವಾಗಿ ಓದಿಸಿತು. ಕೆ. ಚಿನ್ನಪ್ಪ ಗೌಡರ ‘ಭೂತಾರಾಧನೆ’ ಆಚರಣೆಯನ್ನು ಊರಿನ ಸಾಮಾಜಿಕ ರಚನೆಯೊಳಗಿಟ್ಟು ತೋರಿಸಿತು. ಇವತ್ತಿಗೂ ಅದನ್ನು ಓದದೆ ದೈವದ ಬಗ್ಗೆ ಬರೆಯಲು ಕೂರುವುದು ತಪ್ಪೆಂದೇ ನನ್ನ ಅಭಿಪ್ರಾಯ. ಉಡುಪಿಯಿಂದ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದ್ದು, ಪದದ ಬೇರು ಹುಡುಕುವವರಿಗೆ ನೆಲ ಒದಗಿಸಿತು.

ಆ ನೆಲದ ಮೇಲೆ ನಿಂತರೆ ಬಿರುದುಗಳ ಅರ್ಥ ಬಿಚ್ಚಿಕೊಳ್ಳುತ್ತದೆ. ಉಳ್ಳಾಯ ಅಂದರೆ ಒಡೆಯ, ಉಳ್ಳಾಲ್ತಿ ಒಡತಿ. ಬಲ್ನಾಡಿನ ಉಳ್ಳಾಲ್ತಿಯ ಎದುರು ನಿಲ್ಲುವವರಿಗೆ ಅವಳು ಆ ಮಣ್ಣಿನ ಒಡತಿ. ಯಾವ ಪುರಾಣದ ದೇವಿ ಎಂಬ ಪ್ರಶ್ನೆ ಆಮೇಲಿನದು. ಕೊಡಮಣಿತ್ತಾಯ, ಮುಂಡಿತ್ತಾಯ ಎಂಬಲ್ಲಿನ ‘ತ್ತಾಯ’ ಊರಿಗೆ ಅಂಟಿದ ಪ್ರತ್ಯಯ, ಇಂಥ ಊರಿನವನು ಎಂದು ಹೇಳುವಂಥದ್ದು. ಪಾಡಿತ್ತಾಯ, ಪುಣಿಂಚತ್ತಾಯ ಎಂಬ ಬ್ರಾಹ್ಮಣ ಕುಲನಾಮಗಳಲ್ಲೂ ಇರುವುದು ಅದೇ. ದೈವಕ್ಕೂ ಮನೆತನಕ್ಕೂ ಹೆಸರಿಟ್ಟ ವ್ಯಾಕರಣ ಒಂದೇ ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ. ಇನ್ನು ‘ರಾಜನ್ ದೈವ’ ಎಂಬುದು ಅಧಿಕಾರದ ಮಾತು: ನುಡಿ ಕೊಡುವಾಗ ಗುತ್ತು, ಬರ್ಕೆ ಮನೆತನಗಳ ಹೆಸರು ಹಿಡಿದು ದೈವ ಕರೆಯುವ ಕ್ರಮದಲ್ಲಿ ಒಂದು ಹೆಸರು ಹಿಂದುಮುಂದಾದರೆ ಕಳದಲ್ಲೇ ತಕರಾರು ಏಳುತ್ತದೆ. ಬಿರುದು ಕೊಡುವವರು ಭಕ್ತರು ಮಾತ್ರವಲ್ಲ, ದೈವವೂ ಕೊಡುತ್ತದೆ.

ಇವೆಲ್ಲದರಿಂದ ಬೇರೆಯದು ‘ಅಜ್ಜ’. ಅದು ಒಡೆತನದ ಪದವಲ್ಲ, ಮನೆಯ ಸಲುಗೆಯದು. ಕೊರಗಜ್ಜನೆಂದರೆ ಪಾಡ್ದನದ ತನಿಯ, ಕೊರಗರ ಹುಡುಗ, ಎಳವೆಯಲ್ಲೇ ಮಾಯ ಸೇರಿದವನು. ಮುಪ್ಪು ಕಾಣದ ಹುಡುಗನನ್ನು ಕುತ್ತಾರಿನಿಂದ ಹಿಡಿದು ಊರೂರ ಕಟ್ಟೆಗಳಲ್ಲಿ ಎಲ್ಲ ಜಾತಿಯವರೂ ಅಜ್ಜ ಎನ್ನುತ್ತಾರೆ. ಈ ಹೆಸರು ಯಾವಾಗ ಕೂಡಿಕೊಂಡಿತು, ಯಾರ ಬಾಯಲ್ಲಿ ಮೊದಲು ಬಂತು, ‘ಸ್ವಾಮಿ’ ಅದರ ಮುಂದೆ ಬಂದು ನಿಂತದ್ದು ಹೇಗೆ ಎಂಬುದರ ಬೆನ್ನು ಹತ್ತಿ ನಾವು ಹೋಗಲಿಲ್ಲ. ನಮ್ಮ ಟೇಪುಗಳಲ್ಲಿ ಪಾಡ್ದನ, ನುಡಿ ಉಳಿದವು. ಹರಕೆ ಹೇಳುವವರು ಮೆಲ್ಲಗೆ ಕರೆದ ಕರೆ ಸುತ್ತಲಿನ ಸದ್ದು ಎನಿಸಿ ಅಳಿಸಿಹೋಯಿತು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಇನ್ನೊಂದು ಬರಿದಾದ ಜಾಗ ಇದಕ್ಕಿಂತ ದೊಡ್ಡದು. ಕೊರಗರಿಗೆ ತಮ್ಮದೇ ಭಾಷೆಯಿದೆ. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಸರ್ಕಾರ ಕಾನೂನು ತಂದು ನಿಷೇಧಿಸಿದ್ದು 2000ದಲ್ಲಿ. ಅಷ್ಟರಲ್ಲಿ ಅವರ ಹುಡುಗ ಎಲ್ಲರಿಗೂ ಅಜ್ಜನಾಗಿದ್ದ. ತಮ್ಮ ಭಾಷೆಯಲ್ಲಿ, ತಮ್ಮ ಮನೆಯಂಗಳದಲ್ಲಿ ಅವರು ತನಿಯನನ್ನು ಏನೆಂದು ಕರೆಯುತ್ತಾರೆ? ನೇಮಗಳ ಕಾಲ ಮುಗಿಯುವ ಬರುವ ಪತ್ತನಾಜೆಗೆ ಮೊದಲು ಯಾರಾದರೂ ವಿದ್ಯಾರ್ಥಿ ಅವರ ಹಿರಿಯರ ಬಳಿ ಕುಳಿತು ಇದನ್ನು ಕೇಳಿ ಬರೆದುಕೊಳ್ಳಬೇಕು. ಜೊತೆಗೆ ಬರಲು ನಾನು ತಯಾರಿದ್ದೇನೆ.