ಒಂದೇ ಹದದ ಮುದ್ದೆ: ಮಂಡ್ಯ ಸೀಮೆಯ ಊಟದ ಹೋಟೆಲು ಮತ್ತು ಅದರ ಕಾಯಂ ಗಿರಾಕಿ

ಹಣ ಕೊಟ್ಟು ಮಧ್ಯಾಹ್ನದ ಊಟ ಮಾಡುವ ರೂಢಿ ಹಳೆಯ ಮೈಸೂರು ಸೀಮೆಯ ಊರುಗಳಿಗೆ ತಡವಾಗಿ ಬಂದದ್ದು. ಹೊಲದಲ್ಲಿ ದುಡಿಯುವವರಿಗೆ ಮನೆಯಿಂದಲೇ ಬುತ್ತಿ ಬರುತ್ತಿತ್ತು, ಯಾತ್ರಿಕರಿಗೆ ಛತ್ರಗಳಿದ್ದವು, ದೂರದ ಸಂತೆಗೆ ಹೊರಟವರು ಊಟವನ್ನು ಗಂಟು ಕಟ್ಟಿಕೊಂಡೇ ನಡೆಯುತ್ತಿದ್ದರು. ಜಾತಿಯ ಕಟ್ಟುಪಾಡು ಬಿಗಿಯಾಗಿದ್ದ ಸಮಾಜದಲ್ಲಿ ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದೆಂಬ ಪ್ರಶ್ನೆ ಹಸಿವಿಗಿಂತ ಮುಂಚೆ ಎದುರಾಗುತ್ತಿತ್ತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಊಟದ ಹೋಟೆಲುಗಳನ್ನೂ, ಅಲ್ಲಿಗೆ ದಿನವೂ ಅದೇ ಹೊತ್ತಿಗೆ ಬರುವ ಕಾಯಂ ಗಿರಾಕಿಗಳನ್ನೂ ರೂಪಿಸಿದ್ದು ರೈಲು, ನಾಲೆ, ಕಾರ್ಖಾನೆ ಮತ್ತು ಕಚೇರಿ.

ಬೆಂಗಳೂರು–ಮೈಸೂರು ಮೀಟರ್ ಗೇಜ್ ರೈಲುಮಾರ್ಗ 1880ರ ದಶಕದ ಆರಂಭದಲ್ಲಿ ಸಿದ್ಧವಾದಾಗ ಶಿಂಷಾ ನದಿಯ ದಡದ ಮದ್ದೂರು ಅದರ ಒಂದು ನಿಲ್ದಾಣವಾಯಿತು. ಈ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ, ರೈಲು ವೇಳೆಗೆ ಮುಂಚೆ ಬಂದು ಪಕೋಡ ಕರಿಯಲು ಸಮಯ ಸಾಲದಿದ್ದಾಗ, ಅದೇ ಸಾಮಗ್ರಿಯನ್ನು ತೆಳ್ಳಗೆ ತಟ್ಟಿ ಕರಿದರೆಂದೂ ಮದ್ದೂರು ವಡೆ ಹುಟ್ಟಿದ್ದು ಹಾಗೆಂದೂ ಒಂದು ಕಥೆ ಪ್ರಚಲಿತವಾಗಿದೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಗಳಿಂದಾಗುವ ಈ ವಡೆ ಕರಿದ ಮೇಲೆ ಹಲವು ಗಂಟೆ ಕೆಡದೆ ಉಳಿಯುವುದರಿಂದ ಕಿಟಕಿಯಾಚೆಗೆ ಕೈ ಚಾಚುವ ಪ್ರಯಾಣಿಕನಿಗೆ ಹೇಳಿ ಮಾಡಿಸಿದ ತಿಂಡಿಯಾಯಿತು. ಪ್ರಯಾಣಿಕ ವರ್ಷಕ್ಕೊಮ್ಮೆ ಬಂದರೂ ಹಿಂದೆ ತಿಂದ ರುಚಿಯನ್ನೇ ಅರಸುತ್ತಾನೆ ನಿಜ; ಆದರೆ ಅವನ ಬಳಿ ಇರುವ ಅಳತೆಗೋಲು ಮಸುಕಾದ ನೆನಪು ಮಾತ್ರ. ನಿನ್ನೆ ಉಂಡು ಇಂದು ಮತ್ತೆ ಉಣ್ಣುವವನ ಪರೀಕ್ಷೆ ಬೇರೆಯದು, ಮತ್ತು ಆ ಬಗೆಯ ಗಿರಾಕಿ ಈ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು ಮುಂದಿನ ಎರಡು ದಶಕಗಳಲ್ಲಿ.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಾಮಗಾರಿ 1930ರ ದಶಕದ ಆರಂಭದಲ್ಲಿ ಮುಗಿದು, ಆಗ ಇರ್ವಿನ್ ನಾಲೆಯೆಂದೂ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಸಿಕೊಂಡ ಕಾಲುವೆಯಲ್ಲಿ ನೀರು ಹರಿದಾಗ, ಮಳೆಯನ್ನೇ ನಂಬಿದ್ದ ರಾಗಿಯ ಬಯಲು ಕಬ್ಬು ಮತ್ತು ಭತ್ತದ ಗದ್ದೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಮಂಡ್ಯಕ್ಕೆ ಪಾಳಿಯ ಮೇಲೆ ದುಡಿಯುವ ಕಾರ್ಮಿಕರನ್ನು ತಂದಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರಚನೆಯಾದಾಗ ಕಚೇರಿ, ನ್ಯಾಯಾಲಯಗಳೂ ಅವುಗಳ ಹಿಂದೆಯೇ ಗುಮಾಸ್ತರು, ವಕೀಲರು, ಕಕ್ಷಿದಾರರೂ ಬಂದರು. ಮಳವಳ್ಳಿಯು ಮೈಸೂರು, ಮದ್ದೂರು, ಕನಕಪುರ, ಕೊಳ್ಳೇಗಾಲಗಳ ರಸ್ತೆಗಳು ಕೂಡುವ ಊರಾದ್ದರಿಂದ ಅಲ್ಲಿ ಚಾಲಕರೂ ವರ್ತಕರೂ ಈ ಸಾಲಿಗೆ ಸೇರಿದರು. ಇವರೆಲ್ಲರಿಗೂ ಮಧ್ಯಾಹ್ನದ ಬಿಡುವು ಗಡಿಯಾರಕ್ಕೆ ಕಟ್ಟಿಬಿದ್ದದ್ದು, ಮನೆ ದೂರದ್ದು.

ಇಂಥವರಿಗಾಗಿ ಎರಡು ಬಗೆಯ ಹೋಟೆಲುಗಳು ಬೆಳೆದವು. ಒಂದು, ಅನ್ನ, ಸಾರು, ಪಲ್ಯ, ಮಜ್ಜಿಗೆಗಳ ಸಸ್ಯಾಹಾರಿ ಹೋಟೆಲು. ಇನ್ನೊಂದು, ರಾಗಿಮುದ್ದೆಯ ಜೊತೆ ಮಾಂಸದ ಸಾರು ಬಡಿಸುವ, ಹಳೆಯ ಮೈಸೂರಿನಲ್ಲೆಲ್ಲ ಮಿಲಿಟರಿ ಹೋಟೆಲು ಎಂದೇ ಹೆಸರಾದ ಊಟದ ಮನೆ. ನಾಲೆ ಬಂದು ಅಕ್ಕಿ ಸಮೃದ್ಧವಾದ ಮೇಲೂ ಮೈಮುರಿದು ದುಡಿಯುವವರ ಊಟದಲ್ಲಿ ಮುದ್ದೆಯ ಸ್ಥಾನ ಕದಲಲಿಲ್ಲ. ಇದರಿಂದ ಹೋಟೆಲಿನವನಿಗೆ ಒಂದು ವಿಶೇಷ ತೊಡಕು ಎದುರಾಯಿತು: ಅವನು ಬಡಿಸುತ್ತಿದ್ದುದು ಗಿರಾಕಿಯು ಹುಟ್ಟಿದಾಗಿನಿಂದ ಮನೆಯಲ್ಲಿ ಉಂಡ, ಕಣ್ಣು ಮುಚ್ಚಿಯೂ ಗುಣದೋಷ ಹೇಳಬಲ್ಲ ಪದಾರ್ಥವನ್ನು.

ಮುದ್ದೆಯ ಹದವಾದರೋ ಸುಲಭಕ್ಕೆ ಒಲಿಯುವುದಿಲ್ಲ. ಎಸರು, ಎಂದರೆ ಕುದಿಯಲಿಟ್ಟ ನೀರು, ಮರಳಿದಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ಚುಚ್ಚಿ ಬೇಯಲು ಬಿಟ್ಟು, ಬಳಿಕ ಗಂಟಾಗದಂತೆ ಬಲವಾಗಿ ತೊಳಸಿ ಉಂಡೆ ಕಟ್ಟಬೇಕು. ಗೋಧಿಯಲ್ಲಿರುವ ಅಂಟಿನ ಅಂಶ ರಾಗಿಯಲ್ಲಿಲ್ಲದ ಕಾರಣ ಬಿಸಿಗೆ ಉಬ್ಬಿದ ಪಿಷ್ಟವೇ ಮುದ್ದೆಯನ್ನು ಹಿಡಿದಿಡುತ್ತದೆ. ನೀರು ಹೆಚ್ಚಾದರೆ ಅದು ಕೈಗೆ ಮೆತ್ತುತ್ತದೆ, ಬೇಯುವುದು ಕಡಿಮೆಯಾದರೆ ಹಸಿ ವಾಸನೆ ಉಳಿಯುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಸಣ್ಣ ಗಂಟೂ ಗಂಟಲಿಗೆ ತಿಳಿಯುತ್ತದೆ. ರಾಗಿಯೂ ಸದಾ ಒಂದೇ ಆಗಿರಲಿಲ್ಲ. ಹಗೇವು ಎಂಬ ನೆಲದಡಿಯ ಕಣಜದಲ್ಲಿ ವರ್ಷಗಟ್ಟಲೆ ಉಳಿದ ಹಳೆಯ ರಾಗಿಗೂ ಕಣದಿಂದ ಆಗಷ್ಟೇ ಬಂದ ಹೊಸ ರಾಗಿಗೂ ಒಂದೇ ಅಳತೆಯ ನೀರು ಹಿಡಿಸುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದ ತಳಿ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಮೇಲೆ ಇಳುವರಿ ಏರಿತು, ಗಿರಣಿಗೆ ಬರುವ ಕಾಳೂ ಬದಲಾಯಿತು. ಆದ್ದರಿಂದ ಎಲೆಯ ಮೇಲೆ ಪ್ರತಿದಿನ ಅದೇ ಮುದ್ದೆ ಬೀಳಬೇಕಾದರೆ ಒಲೆಯ ಮುಂದಿನವನು ನೀರನ್ನೂ ಉರಿಯನ್ನೂ ಪ್ರತಿದಿನ ಬದಲಿಸಬೇಕಾಗಿತ್ತು.

ಸಾರಿನ ವಿಷಯದಲ್ಲಿ ಗಿರಾಕಿ ಬಯಸುತ್ತಿದ್ದ ಏಕರೂಪತೆ ಇನ್ನೂ ಸೂಕ್ಷ್ಮವಾದದ್ದು. ಬಸ್ಸಾರು, ಎಂದರೆ ಸೊಪ್ಪು ಅಥವಾ ಕಾಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಮಾಡುವ ಸಾರು, ಉಪ್ಪುಸಾರು, ಮಸ್ಸೊಪ್ಪುಗಳು ವಾರದಲ್ಲಿ ಸರದಿಯಂತೆ ಬರಬೇಕು. ಚಳಿಗಾಲದಲ್ಲಿ ಸೊಗಡಿನ ಅವರೆ ಬಂದಾಗ ಹಿತಕಿದ ಅವರೆಬೇಳೆಯ ಸಾರು ಇರಲೇಬೇಕು. ಕಾಲಕ್ಕೆ ತಕ್ಕಂತೆ ಬದಲಾಗದಿದ್ದರೆ ಅದನ್ನೇ ಗಿರಾಕಿ ಕೊರತೆಯೆಂದು ಎಣಿಸುತ್ತಾನೆ, ಖಾರದ ಪ್ರಮಾಣ ಬದಲಾದರೆ ಮಾತ್ರ ಸಹಿಸುವುದಿಲ್ಲ. ಮಾಂಸದ ಊಟದಲ್ಲಿ ಈ ಕಟ್ಟುನಿಟ್ಟು ಕುರಿಯವರೆಗೂ ಹೋಗುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಗಿಡ್ಡ ಕಾಲಿನ, ಮೈದುಂಬಿದ ಕುರಿತಳಿ ಮೃದುವಾದ ಮಾಂಸಕ್ಕೆ ಹೆಸರಾಗಿದ್ದು, ಶುದ್ಧ ತಳಿ ವಿರಳವಾಗಿ ಬೆಲೆ ಏರಿದಂತೆ, ಅದರ ಹೆಸರಿನಲ್ಲಿ ಬೇರೆ ಮಾಂಸ ಬಡಿಸುವ ಆಸೆಗೆ ಅವಕಾಶವೂ ಹೆಚ್ಚಿತು. ದಾರಿಹೋಕನಿಗೆ ಆ ವ್ಯತ್ಯಾಸ ತಿಳಿಯದೆ ಹೋಗಬಹುದು. ಅದೇ ಸಾರನ್ನು ವರ್ಷಗಳಿಂದ ಉಂಡವನಿಗೆ ಮೊದಲ ತುತ್ತಿಗೇ ತಿಳಿಯುತ್ತದೆ.

ದಿನವೂ ಅದೇ ಹೋಟೆಲಿಗೆ ಬರುವ ಗಿರಾಕಿಯ ಈ ನಿಷ್ಠೆಯ ಲಾಭ ಏಕಪಕ್ಷೀಯವಾಗಿರಲಿಲ್ಲ. ಮುದ್ದೆ ವಡೆಯಂತೆ ಕಾದಿರುವುದಿಲ್ಲ, ಆರಿದರೆ ಗಟ್ಟಿಯಾಗುತ್ತದೆ. ಹೀಗಾಗಿ ಎಷ್ಟು ಜನ ಯಾವ ಹೊತ್ತಿಗೆ ಬರುವರೆಂಬುದು ಮುಂಚೆ ಗೊತ್ತಿದ್ದರಷ್ಟೇ ಬಿಸಿ ಮುದ್ದೆಯನ್ನು ನಷ್ಟವಿಲ್ಲದೆ ಬಡಿಸಲು ಸಾಧ್ಯ. ಒಂದು ಗಂಟೆಯ ಬಿಡುವಿನಲ್ಲಿ ಉಂಡು ಕೆಲಸಕ್ಕೆ ಮರಳಬೇಕಾದ ಗಿರಾಕಿಗೆ ಹೋಟೆಲು ತಪ್ಪದೆ ನಡೆಯುವುದು ಎಷ್ಟು ಮುಖ್ಯವೋ, ಗಿರಾಕಿ ತಪ್ಪದೆ ಬರುವುದು ಹೋಟೆಲಿನವನಿಗೂ ಅಷ್ಟೇ ಮುಖ್ಯವಾಯಿತು. ಲೆಕ್ಕ ಬರೆಸಿ ಸಂಬಳದ ದಿನ ತೀರಿಸುವ ಪದ್ಧತಿ ನಿಂತದ್ದು ಈ ಪರಸ್ಪರ ಭರವಸೆಯ ಮೇಲೆ. ಬೆಲೆ ಏರಿಸಲೇಬೇಕಾದಾಗ ಮುದ್ದೆಯ ಗಾತ್ರವನ್ನು ಸದ್ದಿಲ್ಲದೆ ಕುಗ್ಗಿಸುವುದಕ್ಕಿಂತ ಬೆಲೆಯನ್ನೇ ಬಾಯಿಬಿಟ್ಟು ಹೇಳುವುದು ಕ್ಷೇಮವೆನ್ನಿಸಿದ್ದಕ್ಕೂ ಇದೇ ಕಾರಣ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮಂಡ್ಯ, ಮದ್ದೂರು ಪೇಟೆಗಳನ್ನು ಬದಿಗಿಟ್ಟು ಹಾದುಹೋದಾಗ, ಪ್ರಯಾಣಿಕರನ್ನೇ ನಂಬಿದ್ದ ಹಳೆಯ ರಸ್ತೆಬದಿಯ ಹೋಟೆಲುಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಅದೇ ವರ್ಷ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವನ್ನು ಆಚರಿಸಿದ್ದರಿಂದ ರಾಗಿಗೆ ದೂರದ ನಗರಗಳಲ್ಲೂ ಹೊಸ ಮನ್ನಣೆ ದೊರೆಯಿತು. ರಸ್ತೆ ತಂದುಕೊಟ್ಟ ವ್ಯಾಪಾರವನ್ನು ಮತ್ತೊಂದು ರಸ್ತೆ ಒಯ್ಯಬಲ್ಲದು, ಮನ್ನಣೆ ತಂದವರನ್ನು ಮತ್ತೊಂದು ರುಚಿ ಸೆಳೆಯಬಲ್ಲದು; ಪೇಟೆಯೊಳಗಿನ ಊಟದ ಹೋಟೆಲಿನ ಆಧಾರವಾದರೋ ಕಾರ್ಖಾನೆಯ ಪಾಳಿ ಮತ್ತು ಕಚೇರಿಯ ಬಿಡುವಿನ ವೇಳೆ, ಮತ್ತು ಆ ಆಧಾರ ಉಳಿಯುವುದು ಇಂದಿನ ಮುದ್ದೆ ನಿನ್ನೆಯದರ ಹದದಲ್ಲೇ ಇರುವವರೆಗೆ ಮಾತ್ರ.