ದಂತಮೂಲದ ಕೀಲವೂ ಕಿರೀಟವೂ

ಮುಂಬದಿಯ ಹಲ್ಲೊಂದು ಮುರಿದು, ಒಳಗಿನ ತಿರುಳು ಕೆಟ್ಟ ಮೇಲೆಯೂ ಅದರ ಬೇರು ದವಡೆಯಲ್ಲಿ ದೃಢವಾಗಿ ನಿಂತಿರುವುದುಂಟು. ಅಂತಹ ಬೇರನ್ನು ಕೀಳದೆ, ಅದರೊಳಗೆ ಕೀಲವನ್ನಿಳಿಸಿ, ಮೇಲೆ ಕೃತಕ ಕಿರೀಟವನ್ನು ನಿಲ್ಲಿಸುವ ವಿದ್ಯೆಯ ಇತಿಹಾಸವು ಬಹುಕಾಲ ನಂಬಿದ್ದ ಒಂದು ತಪ್ಪು ಅಭಿಪ್ರಾಯವನ್ನು ಮೆಲ್ಲಮೆಲ್ಲನೆ ತಿದ್ದಿಕೊಂಡ ಇತಿಹಾಸವಾಗಿದೆ.

ಹಲ್ಲನ್ನು ಉಳಿಸಬೇಕೆಂಬ ಎಚ್ಚರವು ಭರತಖಂಡದಲ್ಲಿ ಪುರಾತನವಾದುದು. ಸುಶ್ರುತಸಂಹಿತೆಯು ೬೫ ಮುಖರೋಗಗಳನ್ನೆಣಿಸಿ, ಅವುಗಳಲ್ಲಿ ೧೫ನ್ನು ದಂತಮೂಲಕ್ಕೆ ಸೇರಿಸಿದೆ. ಮೇಲ್ದವಡೆಯ ಹಲ್ಲು ಅಲುಗಾಡಿದರೂ ಕೀಳಬಾರದೆಂದು, ಅತಿರಕ್ತಸ್ರಾವದ ಭಯವನ್ನು ತೋರಿಸಿ ವೈದ್ಯನನ್ನು ತಡೆದಿದೆ. ಬೇರಿನಲ್ಲಿ ಲೋಹದ ಕೀಲವನ್ನು ನಿಲ್ಲಿಸುವ ಕ್ರಮವನ್ನು ಪ್ಯಾರಿಸಿನ ಪಿಯೆರ್ ಫೋಶಾರನು ೧೭೨೮ ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಅನಂತರದವರು ಮರದ ಕೀಲಗಳನ್ನೂ ಬಳಸಿದರು. ಮರವು ಬಾಯಿಯ ತೇವವನ್ನು ಹೀರಿ ಉಬ್ಬಿ ಬಿಗಿಯಾಗಿ ಕೂರುತ್ತಿತ್ತು. ಆದರೆ ಆ ಉಬ್ಬರವೇ ಬೇರನ್ನು ಸೀಳುವುದೂ ಉಂಟಾಗಿತ್ತು. ೧೮೭೮ ರಲ್ಲಿ ಅಮೆರಿಕದ ರಿಚ್ಮಂಡನು ಕೀಲ ಕಿರೀಟಗಳ ಹೊಸ ಕ್ರಮವೊಂದನ್ನು ತಂದನು. ೧೯೦೭ ರಲ್ಲಿ ಟ್ಯಾಗರ್ಟನು ಮೇಣದ ಅಚ್ಚಿನಿಂದ ಚಿನ್ನವನ್ನು ಎರಕ ಹೊಯ್ಯುವ ವಿಧಾನವನ್ನು ಪ್ರಕಟಿಸಿದ ಮೇಲೆ, ಬೇರಿಗೆ ಸರಿಹೊಂದುವ ಕೀಲವನ್ನು ಮಾಡುವುದು ಸುಲಭವಾಯಿತು.

ಇಷ್ಟರಿಂದ, ಕೀಲವೇ ಹಲ್ಲಿಗೆ ಬಲವೆಂಬ ಭಾವನೆ ಬೇರೂರಿತು. ಅದು ನಿಜವಲ್ಲ. ಕೀಲವು ಕಿರೀಟದ ತಿರುಳ್ಗಟ್ಟನ್ನು ಹಿಡಿದಿಡುತ್ತದೆಯೇ ಹೊರತು ಬೇರನ್ನು ಬಲಪಡಿಸುವುದಿಲ್ಲ. ದೊಡ್ಡ ಕೀಲಕ್ಕಾಗಿ ಬೇರನ್ನು ಹೆಚ್ಚು ಕೊರೆದಷ್ಟೂ ಅದು ದುರ್ಬಲವಾಗುತ್ತದೆ. ಗಜೇಂದ್ರಗಡದ ಸೀಮೆಯ ಒಕ್ಕಲಿಗನಿಗೆ ಇದರ ಮರ್ಮವು ಕುಡುಗೋಲಿನಿಂದಲೇ ತಿಳಿಯಬಲ್ಲದು. ಅಲಗಿನ ಮೊನೆ ಹಿಡಿಯೊಳಗೆ ಎಷ್ಟು ಆಳವಾಗಿ ಇಳಿದಿದ್ದರೂ, ಹಿಡಿಯ ಬಾಯಿಗೆ ಲೋಹದ ಬಳೆಯಿಲ್ಲದಿದ್ದರೆ ಮರವು ಸೀಳುತ್ತದೆ. ಹಲ್ಲಿನಲ್ಲಿಯೂ ಹಾಗೆಯೇ: ಒಸಡಿನ ಮೇಲೆ ೧.೫ ರಿಂದ ೨ ಮಿಲಿಮೀಟರಿನಷ್ಟು ಸ್ವಾಭಾವಿಕವಾದ ಹಲ್ಲು ಸುತ್ತಲೂ ಉಳಿದು, ಅದನ್ನು ಕಿರೀಟದ ಅಂಚು ಬಳೆಯಂತೆ ಅಪ್ಪಿದರೆ ಬೇರು ತಾಳುತ್ತದೆ. ಸೋರೆನ್ಸನ್ ಮತ್ತು ಎಂಗೆಲ್ಮನ್ನರು ೧೯೯೦ ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಈ ಮಾತನ್ನು ದೃಢಪಡಿಸಿದುವು. ಬೇರಿನ ತುದಿಯಲ್ಲಿ ೪–೫ ಮಿಲಿಮೀಟರಿನಷ್ಟು ಗಟ್ಟಾಪರ್ಚಾ ತುಂಬಿಯೇ ಇರಬೇಕು. ಹಲ್ಲಿನ ಬಹುಭಾಗ ಉಳಿದಿದ್ದರೆ ಕೀಲವೇ ಬೇಕಾಗದು.

ಈ ವಿದ್ಯೆಯ ಬೋಧನೆಯು ಕನ್ನಡ ನಾಡಿಗೆ ತಡವಾಗಿ ಬಂದಿತು. ಮಣಿಪಾಲದ ದಂತವೈದ್ಯ ಕಾಲೇಜು ೧೯೫೩ ರಲ್ಲಿಯೂ, ಬೆಂಗಳೂರಿನ ಸರ್ಕಾರಿ ಕಾಲೇಜು ೧೯೫೮ ರಲ್ಲಿಯೂ ಪ್ರಾರಂಭವಾದುವು. ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಗಜೇಂದ್ರಗಡಕ್ಕೆ ಅವೆರಡೂ ದೂರ. ಧಾರವಾಡದಲ್ಲಿ ಅಂತಹ ಕಾಲೇಜು ೧೯೮೬ ರಲ್ಲಿ ಸ್ಥಾಪಿತವಾಯಿತು. ಹತ್ತಿರದಲ್ಲಿ ಉಪಾಯವಿಲ್ಲದೆಡೆಯಲ್ಲಿ ಉಳಿಯಬಹುದಾದ ಬೇರೂ ಇಕ್ಕಳಕ್ಕೆ ಈಡಾಗುವುದು ಸಹಜ. ಸುಶ್ರುತನು ಹೇಳಿದ ಕಾರಣವು ಇಂದಿನದಲ್ಲವಾದರೂ, ಮೇಲ್ಹಲ್ಲನ್ನು ಕೀಳಲು ಅವಸರಪಡಬಾರದೆಂಬ ಆತನ ಎಚ್ಚರಿಕೆಯು ಈ ಬಗೆಯಲ್ಲಿ ಸಾರ್ಥಕವಾಗಿದೆ. ಹೊರಗಿನಿಂದ ತಂದ ಲೋಹಕ್ಕಿಂತ ಉಳಿದಿರುವ ಹಲ್ಲೇ ಹೆಚ್ಚಿನ ಆಧಾರವೆಂಬುದು ಈ ಇತಿಹಾಸದ ಸಾರ.